ಕಲ್ಲಿಗೆ ಇನ್ನೊಂದು ಹೆಸರು

ಮದುವೆಯಾಗಿ ಬಂದ ಮೇಲೆ ನಾಲ್ಕು ವರ್ಷ ಅನಿಪಾ ಕಲ್ಲಿಗೆ ಕಲ್ಲು ಎಂದಿರಲಿಲ್ಲ. ಅವಳ ಮಾವನ ಹೆಸರು ತಾಷ್ತಾನ್. ತಾಷ್ ಎಂದರೆ ಕಲ್ಲು. ಮಾವ, ಭಾವ, ಅತ್ತಿಗೆ, ಗಂಡ, ಇವರ ಹೆಸರು ಸೊಸೆಯ ಬಾಯಲ್ಲಿ ಬರಕೂಡದು, ಆ ಹೆಸರಿನೊಳಗೆ ಅಡಗಿ ಕೂತ ಪದವೂ ಬರಕೂಡದು ಎನ್ನುವುದು ಕಿರ್ಗಿಜ್ ಮನೆಗಳ ಕಟ್ಟಳೆ. ಹಾಗಾಗಿ ಅವಳ ಪಾಲಿಗೆ ಕಲ್ಲು 'ಗಟ್ಟಿಯದು' ಆಯಿತು. ಮಾವ ತೀರಿಕೊಂಡು ಎರಡು ವರ್ಷವಾದರೂ ಕಟ್ಟಳೆ ತೀರಲಿಲ್ಲ. ಸತ್ತವರು ಸೊಸೆಯಂದಿರಿಗೆ ಅಷ್ಟು ಸುಲಭವಾಗಿ ರಜೆ ಕೊಡುವುದಿಲ್ಲ.

ಮದುವೆಯ ಹೊಸದರಲ್ಲಿ ಒಂದು ದಿನ ಹಿಂದಿನ ಗುಡ್ಡದಿಂದ ಕಲ್ಲೊಂದು ಉರುಳಿ ಅಂಗಳದ ಕಡೆಗೆ ಬಂತು. ಅತ್ತೆ ಬಾತ್ಮಾ ಬೆನ್ನು ಹಾಕಿ ಹಾಲು ಕರೆಯುತ್ತಿದ್ದಳು. "ಅತ್ತೇ, ಗಟ್ಟಿಯದು ಬಂತು! ಗಟ್ಟಿಯದು!" ಎಂದು ಅನಿಪಾ ಕಿರುಚಿಕೊಂಡಳು. ಗಟ್ಟಿಯಾಗಿ ಒಣಗಿಸಿದ ಮೊಸರಿನ ಉಂಡೆ ತಂದಳೇನೋ ಅಂದುಕೊಂಡು ಅತ್ತೆ ತಿರುಗಿಯೂ ನೋಡದೆ ಕೈ ಚಾಚಿದಳು. ಕಲ್ಲು ಅವಳಿಗೆ ಒಂದು ಗೇಣು ಪಕ್ಕದಲ್ಲಿ ಹಾದು, ಬಕೆಟ್ಟನ್ನು ಚಪ್ಪಟೆ ಮಾಡಿ ನಿಂತಿತು. ಅನಿಪಾಳ ಗಂಡ ಮೂರು ದಿನ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಆ ಕಲ್ಲನ್ನೇ ಉರುಳಿಸಿ ತಂದು ಬಾಗಿಲ ಮುಂದೆ ಕೂರಿಸಿದ. ಪ್ರತಿ ಸಂಜೆ, "ಬಾರೇ, ಗಟ್ಟಿಯದರ ಮೇಲೆ ಕೂತು ಚಹಾ ಕುಡಿಯೋಣ" ಎನ್ನುವನು. ಅವನ ಹೆಸರನ್ನು ಅವಳು ಹೇಳುವಂತಿಲ್ಲವಾದ್ದರಿಂದ ಇಲ್ಲೂ ಬೇಡ. ಈಗ ಅವನು ಯುದ್ಧಕ್ಕೆ ಹೋಗಿದ್ದ. ಏಳು ತಿಂಗಳಿಂದ ಕಾಗದವಿರಲಿಲ್ಲ.

"ಅಂಚೆ ಕಚೇರಿಯಲ್ಲೇ ಬಿದ್ದಿರ್ತೀಯಲ್ಲೇ, ನಮ್ಮವನದು ಒಂದು ಚೀಟಿನಾದ್ರೂ ಬಂದಿಲ್ವಾ?" ಎಂದು ಬಾತ್ಮಾ ದಿನಾ ಕೇಳುವಳು.

"ನಾನು ಪಾರ್ಸೆಲ್ ವಿಂಗಡಿಸೋಳು ಅತ್ತೆ, ಕಾಗದದ ವಿಷಯ ನಂಗೇನು ಗೊತ್ತು" ಎಂದು ಅನಿಪಾ ಸುಳ್ಳು ಹೇಳುವಳು.

ನಿಜ ಹೇಳಲು ಅಪ್ಪಣೆ ಇರಲಿಲ್ಲ. ಅಂಚೆ ಕಚೇರಿಯ ಹಿಂದೆ, ಕಿಟಕಿಗೆ ಸುಣ್ಣ ಬಳಿದ ಒಂದು ಕೋಣೆಯಲ್ಲಿ ಕೂತು ಅವಳು ಊರವರ ಕಾಗದಗಳನ್ನೆಲ್ಲ ಒಡೆದು ಓದುತ್ತಿದ್ದಳು. ಬೆಳಿಗ್ಗೆ ಅವಳು ಒಳಗೆ ಹೋದ ಮೇಲೆ ಮೇಲಧಿಕಾರಿ ಇಸಾಬೆಕ್ ಹೊರಗಿನಿಂದ ಅಗಳಿ ಹಾಕುತ್ತಿದ್ದ. ಮೇಜಿನ ಮೇಲೆ ಎರಡು ತಟ್ಟೆ. ದೋಷವಿಲ್ಲದ ಕಾಗದ ಎಡಕ್ಕೆ, ಅನುಮಾನದ್ದು ಬಲಕ್ಕೆ. ಹೇಳಬಾರದ ಪದ ಕಂಡರೆ ಮೇಲೆ ಮಸಿ ಬಳಿಯಬೇಕು. ಎಡಗಡೆಯದಕ್ಕೆ ಮುದ್ರೆ ಒತ್ತಿ, ಗೋಡೆಯಲ್ಲಿದ್ದ ಕಂಡಿಯಿಂದ ಆಚೆ ಕೌಂಟರಿನ ಮುದುಕನಿಗೆ ತಳ್ಳಬೇಕು. ಬಲಗಡೆಯದನ್ನು ಬರೆದವರ ಮನೆಗೆ ಯಾರು ಹೋಗುತ್ತಾರೆ ಎಂದು ಕೇಳಬಾರದು.

ಎದುರಿಗೆ ಒಂದು ಖಾಲಿ ಕುರ್ಚಿ ಇತ್ತು. ಅದರ ಮೇಲೆ, ಅವಳ ಜೊತೆ ಕಾಗದ ಓದುತ್ತಿದ್ದ ಜೂರಾಳ ಕಂಬಳಿ ದಿಂಬು ಇನ್ನೂ ಕೂತಿತ್ತು. ಕಳೆದ ಶರತ್ಕಾಲದಲ್ಲಿ ಜೂರಾಳ ಕೈಗೆ ಒಂದು ಕಾಗದ ಬಂದಿತ್ತು: 'ನಮ್ಮ ಬಿಳಿ ಕೋಳಿ ಈ ಸಲ ಮೂರೇ ಮೊಟ್ಟೆ ಇಟ್ಟಿತು.' ಪಾಪದವಳು, ಎಡಕ್ಕೆ ಹಾಕಿದಳು. ಬಿಳಿ ಕೋಳಿ ಎಂದರೆ ಹೊಳೆಯಾಚೆಯ ಬಿಳಿ ಗೋಡೆಯ ಕಾರ್ಖಾನೆ, ಮೊಟ್ಟೆ ಎಂದರೆ ಫಿರಂಗಿ. ಅದನ್ನು ಬರೆದವನು ಸ್ವತಃ ಇಸಾಬೆಕ್. ಓದುವವರು ಸರಿಯಾಗಿ ಓದುತ್ತಾರೋ ಇಲ್ಲವೋ ಎಂದು ನೋಡಲು ಅವನು ಕಟ್ಟಿನೊಳಗೆ ತನ್ನದೊಂದು ಕಾಗದ ಸೇರಿಸುತ್ತಿದ್ದ. ಮರುದಿನ ಜೂರಾ ಬರಲಿಲ್ಲ. ಹಿಂದಿನ ರಾತ್ರಿ ಮನೆಗೂ ಮರಳಿರಲಿಲ್ಲ. "ನೂರರಲ್ಲಿ ಒಂದು ನನ್ನದು, ನೆನಪಿರಲಿ" ಎಂದು ಇಸಾಬೆಕ್ ಅವತ್ತು ಅನಿಪಾಳಿಗೆ ಹೇಳಿದ್ದ, ಹಬ್ಬದ ಸುದ್ದಿ ಹೇಳುವವರ ದನಿಯಲ್ಲಿ.

ಅಂದಿನಿಂದ ಅನಿಪಾಳಿಗೆ ಕೋಳಿ ಕೋಳಿಯಾಗಿ ಉಳಿಯಲಿಲ್ಲ. 'ಅಜ್ಜಿಗೆ ಕೆಮ್ಮು' ಎಂದರೆ ಯಾವ ಅಜ್ಜಿ, 'ಹಿಮ ಜೋರು' ಎಂದರೆ ಎಲ್ಲಿಯ ಹಿಮ ಎಂದು ಯೋಚಿಸುವಳು. ಮನೆಗೆ ಹೋದರೂ ಈ ಚಾಳಿ ಬಿಡಲಿಲ್ಲ. ಅತ್ತೆ "ಚಹಾ ತಣ್ಣಗಾಯ್ತು" ಎಂದರೆ, ಯಾಕೆ ಹಾಗಂದಳು, ಯಾರಾದರೂ ಏನಾದರೂ ಹೇಳಿದರೇ ಎಂದು ಲೆಕ್ಕ ಹಾಕುವಳು. ಒಂದು ಮಾತನ್ನು ಬರೀ ಮಾತಾಗಿ ಕೇಳುವ ಸುಖ ಅವಳಿಗೆ ತಪ್ಪಿಹೋಗಿತ್ತು.

ಯುದ್ಧದ ಮೂರನೆಯ ಚಳಿಗಾಲ, ಒಂದು ಮಂಗಳವಾರ, ನೇರಳೆ ಪೆನ್ಸಿಲ್ಲಿನಲ್ಲಿ ಬರೆದ ಒಂದು ಕಾಗದ ಸಿಕ್ಕಿತು. ಮೇಲಿನ ಹಳ್ಳಿಯ ಒಬ್ಬ ಸೊಸೆ ಈ ಊರಿನಲ್ಲಿರುವ ಗಂಡನ ಅಕ್ಕನಿಗೆ ಬರೆದದ್ದು.

'ಅಕ್ಕಾ, ನಾವೆಲ್ಲ ಕ್ಷೇಮ. ಮೊನ್ನೆ ಊಳಿಡುವ ಜೀವ ಬೆಟ್ಟ ಇಳಿದು ಬಂದಿದೆ. ಹಳೆಯ ಬುಗ್ಗೆಯ ಹತ್ತಿರ ಇದೆ. ಒಂದು ಕಾಲು ಎಳೆಯುತ್ತದೆ. ದಿನಾ ಸಂಜೆ ಒಂದು ರೊಟ್ಟಿ ಇಟ್ಟು ಬರುತ್ತೇನೆ. ಊಳಿಡುವ ಜೀವವನ್ನು ಕಂಡರೆ ನಮ್ಮ ನಾಯಿ ಬೊಗಳುವುದಿಲ್ಲ. ಕರಿಮದ್ದು ಸಿಕ್ಕರೆ ಕಳಿಸು. ಅತ್ತೆಗೆ ಹೇಳಿಲ್ಲ. ಅವರ ಎದೆ ತಡೆಯುವುದಿಲ್ಲ.'

ಊಳಿಡುವ ಜೀವ ಎಂದರೆ ತೋಳ, ಇದು ಯಾವ ಸೊಸೆಗೂ ಗೊತ್ತಾಗುತ್ತದೆ. ಅವರ ಮಾತಿನಲ್ಲಿ ತೋಳಕ್ಕೆ ಬೊರು. ಮನೆಯಲ್ಲಿ ಬೊರುಬಾಯ್ ಎಂಬ ಭಾವನೋ ಗಂಡನೋ ಇರಬೇಕು. ಅದಕ್ಕೇ ಆ ಪದ ಇವಳ ಬಾಯಿಗೆ ಬರುವುದಿಲ್ಲ. ಆದರೆ ತೋಳಕ್ಕೆ ಯಾರು ರೊಟ್ಟಿ ಇಡುತ್ತಾರೆ? ಯಾವ ನಾಯಿ ತೋಳವನ್ನು ಕಂಡು ಸುಮ್ಮನಿರುತ್ತದೆ? ಕರಿಮದ್ದು ಬೆಟ್ಟದ ಸಂದಿನಲ್ಲಿ ಜಿನುಗುವ ಅಂಟು, ಮುರಿದ ಎಲುಬಿಗೆ ಹಾಕುವುದು. ಬಂದಿರುವುದು ತೋಳವಲ್ಲ, ಬೊರುಬಾಯಿಯೇ. ಯುದ್ಧದಿಂದ ತಪ್ಪಿಸಿಕೊಂಡು ಬಂದವನು. ನಾಯಿ ತನ್ನ ಮನೆಯವನನ್ನು ಗುರುತು ಹಿಡಿದಿದೆ.

ಅನಿಪಾ ಎರಡೂ ತಟ್ಟೆಗಳನ್ನು ನೋಡಿದಳು. ಬಲಕ್ಕೆ ಹಾಕಿದರೆ ಅವನನ್ನು ಬುಗ್ಗೆಯ ಹತ್ತಿರವೇ ಗುಂಡಿಟ್ಟು ಕೊಲ್ಲುತ್ತಾರೆ, ರೊಟ್ಟಿ ಕೊಟ್ಟವಳನ್ನು ಎಳೆದುಕೊಂಡು ಹೋಗುತ್ತಾರೆ. ಎಡಕ್ಕೆ ಹಾಕಿ, ಅದು ಇಸಾಬೆಕ್‌ನದೇ ಕಾಗದವಾಗಿದ್ದರೆ, ನಾಳೆ ಈ ಕೋಣೆಯಲ್ಲಿ ಎರಡು ಕುರ್ಚಿ ಖಾಲಿ. ಅತ್ತೆಗೆ ನೀರು ತರುವವರೂ ಇರುವುದಿಲ್ಲ.

ಕಾಗದವನ್ನು ತಿರುಗಿಸಿದಳು. ವಿಳಾಸ ಕಂಡಿತು. ಅದೇ ನೇರಳೆ ಪೆನ್ಸಿಲ್, ಅದೇ ಕೈ: 'ಎಸೆನ್ ಅವರ ಮಗಳು ಕುಮುಶ್‌ಗೆ.'

ಅನಿಪಾಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಕುಮುಶ್ ಆ ಸೊಸೆಯ ಗಂಡನ ಅಕ್ಕ, ಹಾಗಾದರೆ ಎಸೆನ್ ಅವಳ ಮಾವ. ತೋಳಕ್ಕೆ ತೋಳ ಎನ್ನಲಾರದ ಸೊಸೆ ಮಾವನ ಹೆಸರನ್ನು ಇಷ್ಟು ದಪ್ಪಗೆ ಬರೆಯುವುದುಂಟೆ! ಸೊಸೆಯಂದಿರು ಒಳಗಿನದು ಬರೆದು, ವಿಳಾಸವನ್ನು ಅಂಚೆಯವನ ಕೈಲೋ ನೆರೆಯವರ ಕೈಲೋ ಬರೆಸುತ್ತಾರೆ. ಅನಿಪಾ ಕೂಡ ಹಾಗೇ ಮಾಡುವವಳು. ಇದು ಸೊಸೆಯ ಕಾಗದವಲ್ಲ, ಸೊಸೆಯಂದಿರಿರುವ ಮನೆಯಲ್ಲಿ ಒಂದು ದಿನವೂ ಉಣ್ಣದವನ ಕಾಗದ. ಇಸಾಬೆಕ್ ಅನಾಥಾಲಯದಲ್ಲಿ ಬೆಳೆದವನು. ಏಳು ತಲೆಮಾರಿನ ಹೆಸರು ಹೇಳು ಎಂದು ಹಿರಿಯರು ಯಾರಾದರೂ ಕೇಳಿದರೆ ಎದ್ದು ಹೋಗುವನು. ಕಟ್ಟಳೆಯನ್ನು ಯಾರಿಂದಲೋ ಕೇಳಿ ತಿಳಿದಿದ್ದಾನೆ, ಅರ್ಧ ಮಾತ್ರ. ಸದ್ಯ, ಬುಗ್ಗೆಯ ಹತ್ತಿರ ಯಾರೂ ಇಲ್ಲ, ಯಾರೂ ಸಾಯಬೇಕಿಲ್ಲ ಎಂದುಕೊಂಡು ಅನಿಪಾ ದೊಡ್ಡ ಉಸಿರು ಬಿಟ್ಟಳು.

ಮಧ್ಯಾಹ್ನ ಇಸಾಬೆಕ್ ಅಗಳಿ ತೆಗೆದು ಒಳಗೆ ಬಂದಾಗ ಕಾಗದವನ್ನು ಅವನ ಮುಂದೆ ಹಿಡಿದಳು.

"ಕಾಮ್ರೇಡ್, ನಿಮ್ಮ ಕಾಗದ ಸಿಕ್ತು."

"ನನ್ನದಾ?"

"ಚೆನ್ನಾಗೇ ಬರೆದಿದೀರಿ. ಆದ್ರೆ ಒಂದು ಕಡೆ ಸಿಕ್ಕಿಬಿದ್ರಿ."

ಇಸಾಬೆಕ್ ಎಡಗೈಯಲ್ಲಿ ಕಾಗದ ತೆಗೆದುಕೊಂಡ. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಹೋದ ವಾರ ಒಲೆಯ ಮೇಲೆ ಕೈ ಇಟ್ಟು ಸುಟ್ಟುಕೊಂಡಿದ್ದ. ಅವಳೇ ಕುರಿಕೊಬ್ಬು ತಂದು ಹಚ್ಚಿದ್ದಳು. ಅದು ಈಗ ನೆನಪಾಯಿತು. ಎಂಟು ದಿನದಿಂದ ಅವನು ಒಂದು ಸಹಿಯನ್ನೂ ಹಾಕಿರಲಿಲ್ಲ.

"ಇದು ನಂದಲ್ಲ" ಎಂದ ಅವನು.

ಅನಿಪಾಳಿಗೆ ಆಗ ಎಲ್ಲ ಓದಲು ಬಂತು. ಆ ಸೊಸೆಗೆ ಅಂಚೆಯವನ ಮುಂದೆ ಈ ಕಾಗದ ಹಿಡಿಯುವ ಧೈರ್ಯವಿರಲಿಲ್ಲ. ನೆರೆಯವರಿಗೂ ತೋರಿಸುವಂತಿರಲಿಲ್ಲ. ಇಡೀ ಹಳ್ಳಿಯಲ್ಲಿ ನಂಬುವವರು ಒಬ್ಬರೂ ಇಲ್ಲದೆ, ಜೀವಮಾನದಲ್ಲಿ ಆಡದ ಹೆಸರನ್ನು ತನ್ನ ಕೈಯಾರೆ ಬರೆದಿದ್ದಳು. ದಪ್ಪಗೆ ಬರೆದದ್ದು ಧಾರ್ಷ್ಟ್ಯದಿಂದಲ್ಲ, ಕೈ ನಡುಗಬಾರದೆಂದು ಒತ್ತಿ ಹಿಡಿದದ್ದರಿಂದ. ಅಷ್ಟು ಭಯಪಟ್ಟವಳ ಕಾಗದವನ್ನು ತಾನು ನಗುತ್ತಾ ತಂದುಕೊಟ್ಟೆನಲ್ಲ ಎಂದು ಅನಿಪಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಊಳಿಡುವ ಜೀವ ಅಂದ್ರೆ?" ಇಸಾಬೆಕ್ ಕೇಳಿದ.

"ತೋಳ, ಕಾಮ್ರೇಡ್. ಆ ಮನೆಯಲ್ಲಿ ಯಾರದೋ ಹೆಸರಲ್ಲಿ ತೋಳ ಇರ್ಬೇಕು. ಸೊಸೆ ಹೇಳೋ ಹಾಗಿಲ್ಲ. ನಮ್ಮ ಮಾವನ ಹೆಸರಲ್ಲೂ ಅಂಥದೊಂದು ಪದ ಇದೆ, ಹಾಗಾಗಿ ನಾನು ಬಾಗಿಲ ಮುಂದಿರೋದಕ್ಕೆ ಗಟ್ಟಿಯದು ಅಂತೀನಿ. ನಮ್ಮೋರು ಅದರ ಮೇಲೆ ಕೂತು ಚಹಾ ಕುಡೀತಾ ಅದನ್ನೇ ಹೇಳಿ ರೇಗಿಸೋರು."

"ತೋಳಕ್ಕೆ ರೊಟ್ಟಿ ಯಾಕೆ?"

"ವಿಷ ಹಾಕೋಕೆ. ದಿನಾ ಇಟ್ಟು ರುಚಿ ಹತ್ತಿಸ್ತಾರೆ. ಕರಿಮದ್ದು ಕೇಳಿದಾಳಲ್ಲ, ಅದೇ ವಿಷ."

"ನಾಯಿ ಬೊಗಳಲ್ವಂತೆ."

"ನಾಯಿಗೆ ಹೆದರಿಕೆ. ತೋಳದ ವಾಸನೆ ಬಂದ್ರೆ ಬಾಲ ಮುದುರಿಕೊಂಡು ಮೂಲೆ ಸೇರ್ತಾವೆ."

"ಅತ್ತೆಗೆ ಯಾಕೆ ಹೇಳಿಲ್ಲ?"

"ಮುದುಕಿ ಹೆದರ್ಕೋತಾಳೆ ಅಂತ."

ಒಂದೊಂದು ವಾಕ್ಯವೂ ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗಿತು. ತನ್ನ ಬಾಯಿ ಇಷ್ಟು ಸರಾಗ ಎಂದು ಅನಿಪಾಳಿಗೇ ಗೊತ್ತಿರಲಿಲ್ಲ. ಇಸಾಬೆಕ್ ಕಾಗದದಿಂದ ಕಣ್ಣೆತ್ತಿದ.

"ಬರೀ ತೋಳದ ಕಾಗದ ಆಗಿದ್ರೆ, ನಂದು ಅಂತ ನಿಂಗೆ ಯಾಕನ್ನಿಸ್ತು?"

ಇದಕ್ಕೆ ಉತ್ತರ ಒಂದೇ ಇತ್ತು, ಅದೂ ನಿಜವೇ. "ವಿಳಾಸ ನೋಡಿ. ಮಾವನ ಹೆಸರು ಬರೆದುಬಿಟ್ಟಿದಾಳೆ. ಸೊಸೆಯಂದಿರು ಅದನ್ನ ಬೇರೆಯವರ ಕೈಲಿ ಬರೆಸ್ತಾರೆ. ಮನೆಯಲ್ಲಿ ಬೆಳೆದವರು ಯಾರೂ ಈ ತಪ್ಪು ಮಾಡಲ್ಲ, ಅದಕ್ಕೇ..."

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದನ್ನು ಅವನೇ ಓದಿಕೊಂಡ. ಅವನ ಕಿವಿ ಕೆಂಪಾದವು. ಒಲೆಯ ಮೇಲೆ ಕೈ ಇಟ್ಟಾಗಲೂ ಆ ಮನುಷ್ಯ ಅಷ್ಟು ನೊಂದುಕೊಂಡಿರಲಿಲ್ಲ.

"ನಂಗೆ ಗೊತ್ತಿಲ್ವಾ ಅದು? ಗೊತ್ತು" ಎಂದ. ವಿಳಾಸವನ್ನು ಇನ್ನೊಮ್ಮೆ ನೋಡಿ, "ಹಾಗಾದ್ರೆ ಇವಳು ಯಾಕೆ ಬರೆದಳು?"

"ಊರಲ್ಲಿ ಓದುಬರಹ ಬಲ್ಲವರೆಲ್ಲ ಯುದ್ಧಕ್ಕೆ ಹೋಗಿದಾರೆ ಕಾಮ್ರೇಡ್. ಇನ್ಯಾರು ಬರೀತಾರೆ."

ಇಸಾಬೆಕ್ ಕಾಗದವನ್ನು ಮೇಜಿನ ಮೇಲಿಟ್ಟ. "ಸರಿ, ಮುದ್ರೆ ಹಾಕಿ ಬಿಡು." ಬಾಗಿಲ ಹತ್ತಿರ ಹೋಗಿ ತಿರುಗಿದ. "ಕುಂಟ ತೋಳ ಅಂದ್ರೆ ಸುಲಭದ ಬೇಟೆ. ಸರ್ಕಾರದ ಕುರಿಗಳಿದಾವೆ ಅಲ್ಲಿ. ಶುಕ್ರವಾರ ಇಬ್ಬರು ಬೇಟೆಗಾರರನ್ನ ಆ ಬುಗ್ಗೆ ಹತ್ರ ಕಳಿಸ್ತೀನಿ."

ಅವನು ನಿಜವಾಗಿ ತೋಳವನ್ನೇ ನಂಬಿದನೋ, ನಂಬಿದಂತೆ ಹೇಳಿದನೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಅಗಳಿ ಬಿತ್ತು. ಅನಿಪಾ ಕಾಗದವನ್ನು ನೋಡುತ್ತಾ ಕೂತಳು. ಬೇಟೆಗಾರರು ಹೋಗಿ ನೋಡಿದರೆ ಅಲ್ಲಿ ಇರುವುದು ತೋಳವಲ್ಲ. ಅವಳು ಹೇಳಿದ ಸುಳ್ಳೇ ಅವರಿಗೆ ದಾರಿ ತೋರಿಸಲಿತ್ತು. ಓಡಿ ಹೋಗಿ ಯಾರಿಗಾದರೂ ಹೇಳೋಣವೆಂದರೆ ಬಾಗಿಲಿಗೆ ಅಗಳಿ. ಸಂಜೆ ಬಿಟ್ಟ ಮೇಲೆ ಕುಮುಶಳ ಮನೆ ಹುಡುಕಿಕೊಂಡು ಹೋಗೋಣವೆಂದರೆ, ಓದುವ ಕೋಣೆಯವರು ಯಾರ ಮನೆಗೆ ಹೋದರೂ ಬೆಳಗಾಗುವುದರೊಳಗೆ ಇಸಾಬೆಕ್‌ಗೆ ಸುದ್ದಿ. ಅವಳ ಹತ್ತಿರ ಇದ್ದದ್ದು ಒಂದು ಕುಂಚ, ಒಂದು ಬಟ್ಟಲು ಮಸಿ.

ಊರ ಹೆಸರು, ದಾರಿ, ಸೈನ್ಯದ ಸುದ್ದಿ, ಇವುಗಳ ಮೇಲೆ ಮಸಿ ಬಳಿಯುವುದು ನಿಯಮ. ಅನಿಪಾ ಬುಗ್ಗೆಯನ್ನು ಮುಟ್ಟಲಿಲ್ಲ, ರೊಟ್ಟಿಯನ್ನು ಮುಟ್ಟಲಿಲ್ಲ. ಕುಂಚ ಅದ್ದಿ, 'ಊಳಿಡುವ ಜೀವ' ಎಂದಿದ್ದ ಎರಡು ಕಡೆ ಮಾತ್ರ, ಬೆಳಕಿಗೆ ಹಿಡಿದರೂ ಕಾಣದ ಹಾಗೆ, ನಿಧಾನವಾಗಿ ಬಳಿದಳು. ಅದೊಂದನ್ನೇ ಅಳಿಸಿದ್ದಾರೆಂದರೆ ಗುಟ್ಟು ಬಯಲಾಗಿದೆ ಎಂದರ್ಥ, ಓದಬಲ್ಲವಳಾದರೆ ಓದಲಿ ಎಂದು ಕಾಗದವನ್ನು ಕಂಡಿಯಿಂದ ಆಚೆ ತಳ್ಳಿದಳು.

ಮರುದಿನ ಬೆಳಿಗ್ಗೆ ಕಂಡಿಗೆ ಕಣ್ಣಿಟ್ಟು ಕೂತಳು. ಕೌಂಟರಿನ ಮುದುಕ "ಕುಮುಶ್ ಯಾರಮ್ಮಾ?" ಎಂದು ಕೂಗಿದ. ಉಣ್ಣೆ ಕಾರ್ಖಾನೆಯವರ ಹತ್ತಿ ತುಂಬಿದ ಕೋಟು ತೊಟ್ಟ ಒಬ್ಬ ಹೆಂಗಸು ಬಂದು, ಕಾಗದ ತೆಗೆದುಕೊಂಡು, ನಿಂತಲ್ಲೇ ಬಿಚ್ಚಿದಳು. ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಮಸಿಯ ಮೇಲೆ ಬೆರಳಾಡಿಸಿದಳು.

"ಅಯ್ಯೋ, ಮಸಿ ಮೆತ್ತಿಬಿಟ್ಟಿದಾರಲ್ಲಮ್ಮ" ಎಂದ ಮುದುಕ, ಪಾಪ, ತನ್ನದೇ ತಪ್ಪೆಂಬಂತೆ.

"ಪರವಾಗಿಲ್ಲ ತಾತ" ಎಂದಳು ಕುಮುಶ್. "ಓದೋಕೆ ಬರುತ್ತೆ."

ತೆರೆದ ಬಾಗಿಲಾಚೆ ಅವಳು ಕಾರ್ಖಾನೆಯ ಕಡೆಗೆ ತಿರುಗಲಿಲ್ಲ. ಬೆಟ್ಟದ ದಾರಿ ಹಿಡಿದಳು. ಗೋಡೆಯ ಈಚೆ ಅನಿಪಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಏಳು ತಿಂಗಳಲ್ಲಿ ಅವಳ ಜೊತೆ ಮನಸ್ಸು ಬಿಚ್ಚಿ ಮಾತಾಡಿದವಳು ಆ ಹೆಂಗಸು ಒಬ್ಬಳೇ.

ಶನಿವಾರ ಇಸಾಬೆಕ್ ಒಳಗೆ ಬಂದಾಗ ಕೈಯ ಬಟ್ಟೆ ಬಿಚ್ಚಿತ್ತು. ಹೊಸ ಚರ್ಮ ಗುಲಾಬಿಯಾಗಿ ಹೊಳೆಯುತ್ತಿತ್ತು. ಜೂರಾಳ ದಿಂಬನ್ನು ಆಚೆ ಎಸೆದು ಅವಳ ಕುರ್ಚಿಯಲ್ಲಿ ಕೂತ.

"ಬುಗ್ಗೆ ಹತ್ರ ತೋಳ ಸಿಗಲಿಲ್ಲ. ಬೂದಿ ಸಿಕ್ತಂತೆ. ಬೆಂಕಿ ಕಾಯಿಸಿಕೊಂಡು ಹೋಗಿದೆ ನಿನ್ನ ತೋಳ."

ಅನಿಪಾ ಮುದ್ರೆಗೆ ಅಂಟಿದ್ದ ಮಸಿಯನ್ನು ಒರೆಸತೊಡಗಿದಳು.

"ಕುರುಬರು ಹಾಕಿದ ಬೆಂಕಿ ಇರಬಹುದು" ಎಂದು ಅವನೇ ಸೇರಿಸಿದ, ಬೇಸರದ ದನಿಯಲ್ಲಿ. ಆಮೇಲೆ ಕಾಗದದ ಕಟ್ಟನ್ನು ಅವಳ ಕಡೆ ಸರಿಸಿದ. "ಇವತ್ತು ಇಲ್ಲೇ ಕೂತಿರ್ತೀನಿ. ಓದು."

ಕಟ್ಟಿನ ಮೇಲಿನ ಕಾಗದ ಸೈನಿಕರು ಮಡಿಸುವ ತ್ರಿಕೋನ. ಬಾತ್ಮಾಳ ಹೆಸರಿಗೆ ಬಂದದ್ದು. ಅನಿಪಾ ಆ ಹೆಸರನ್ನು ಎರಡು ಸಲ ಓದಿದಳು. ಬಿಚ್ಚಿದಳು. ಗಂಡನ ಕೈಬರಹವಲ್ಲ. ಬಲಗೈಗೆ ಪೆಟ್ಟಾಗಿದೆ, ಆಸ್ಪತ್ರೆಯ ದಾದಿಯ ಕೈಯಲ್ಲಿ ಬರೆಸುತ್ತಿದ್ದೇನೆ ಎಂದಿತ್ತು. ಅಮ್ಮನ ಕೆಮ್ಮು ಹೇಗಿದೆ ಎಂದಿತ್ತು. ಕೊನೆಯಲ್ಲಿ: 'ಮನೆಯವಳಿಗೆ ಹೇಳಿ, ಹಿಮ ಕರಗುವ ಹೊತ್ತಿಗೆ ಗಟ್ಟಿಯದರ ಮೇಲೆ ಕೂತು ಚಹಾ ಕುಡಿಯೋಣ.'

ಹೋದ ವಾರ ಬಂದಿದ್ದರೆ ಈ ಒಂದು ಪದ ಸಾಕಿತ್ತು. ಲೋಕದಲ್ಲಿ ಆ ಪದ ಬಲ್ಲವರು ಅವರ ಮನೆಯವರಷ್ಟೇ ಆಗಿದ್ದರು. ಈಗ ಇನ್ನೊಬ್ಬನಿಗೂ ಗೊತ್ತು; ಗಟ್ಟಿಯದು, ಚಹಾ, ರೇಗಿಸುವುದು, ಎಲ್ಲವನ್ನೂ ಅವಳೇ ಮಂಗಳವಾರ ಅವನ ಮುಂದೆ ಸುರಿದಿದ್ದಳು. ಬೇರೆಯವರ ಕೈಲಿ ಬರೆಸುವ ವಿಷಯವನ್ನೂ ಅವಳೇ ಕಲಿಸಿದ್ದಳು. ಯುದ್ಧ ಮುಗಿಯುವ ಲಕ್ಷಣವೇ ಇಲ್ಲ, ಹಿಮ ಕರಗಲು ಎರಡು ತಿಂಗಳು. ಅಂದರೆ ಓಡಿ ಬರುತ್ತೇನೆ ಎಂದೇ? ಗಾಯಕ್ಕೆ ರಜೆ ಕೊಡುತ್ತಾರೆ ಎಂದೇ? ಅಥವಾ ಅವನು ಏನನ್ನೂ ಬರೆಸಿಯೇ ಇಲ್ಲವೇ? ಗಂಡ ಬದುಕಿದ್ದಾನೆ ಎಂದು ಸಂತೋಷಪಡಬೇಕೋ ಬೇಡವೋ ಎಂದೂ ಆ ಕಾಗದ ಹೇಳಲಿಲ್ಲ. ಸಾವಿರಾರು ಜನರ ಕಾಗದ ಓದಿದವಳಿಗೆ ತನ್ನ ಮನೆಯ ಕಾಗದ ಓದಲು ಬರಲಿಲ್ಲ.

"ಏನು ಬರೆದಿದಾನೆ?" ಇಸಾಬೆಕ್ ಕೇಳಿದ.

"ಕ್ಷೇಮ ಅಂತ."

"ಕೊನೇ ಸಾಲು?"

ಅವನು ಕಾಗದವನ್ನು ಇನ್ನೂ ಮುಟ್ಟಿರಲಿಲ್ಲ. ಅದನ್ನು ಮೊದಲೇ ಒಡೆದು ನೋಡಿದ್ದಿರಬಹುದು, ತಾನೇ ಬರೆದದ್ದಿರಬಹುದು. ಎಡ ತಟ್ಟೆ, ಬಲ ತಟ್ಟೆ. ನಂಬಿ ತೋರಿಸುವಂಥವರು ಒಬ್ಬರೂ ಇಲ್ಲ. ಅನಿಪಾಳಿಗೆ ಮೇಲಿನ ಹಳ್ಳಿಯ ಆ ಸೊಸೆ ಪೆನ್ಸಿಲ್ ಒತ್ತಿ ಹಿಡಿದದ್ದು ನೆನಪಾಯಿತು.

"ಗಟ್ಟಿಯದು ಅಂತ ಬರೆಸಿದಾರೆ" ಎಂದಳು.

"ಅಂದ್ರೆ?"

"ಕಲ್ಲು" ಎಂದಳು ಅನಿಪಾ. ನಾಲ್ಕು ವರ್ಷದ ಮೇಲೆ, ಮಾವನ ಹೆಸರಿನೊಳಗಿನ ಪದವನ್ನು, ಗಟ್ಟಿಯಾಗಿ. "ನಮ್ಮ ಮನೆ ಬಾಗಿಲ ಮುಂದಿನ ಕಲ್ಲು, ಕಾಮ್ರೇಡ್. ಬರೀ ಕಲ್ಲು. ಬೇರೇನೂ ಅರ್ಥ ಇಲ್ಲ."

ಅವನು ಅವಳ ಮುಖವನ್ನು ಓದುತ್ತಾ ಕೂತಿದ್ದ. ಅವಳು ಕಾಗದವನ್ನು ಎಡದ ತಟ್ಟೆಗೆ ಹಾಕಿ, ಮುದ್ರೆ ಎತ್ತಿಕೊಂಡಳು.